ವಿಸ್ಕಿ ಗಂಡಸರಿಗೆ, ವೈನ್ ಹೆಂಗಸರಿಗೆ ಅಂತ ದೇಹಕ್ಕೆ ಗೊತ್ತಾ?

ಪ್ರಶ್ನೆ: ನನಗೆ 29 ವರ್ಷ. ಮನೆ ಉಡುಪಿ ಹತ್ತಿರ, ಕೆಲಸ ಮಂಗಳೂರಿನಲ್ಲಿ. ಡಿಸೆಂಬರಿನಲ್ಲಿ ಮದುವೆ. ನನಗೆ ವಿಸ್ಕಿ ಹಿಡಿಸುವುದಿಲ್ಲ. ವೈನ್, ಬ್ರೀಝರ್, ಸಿಹಿ ಕಾಕ್‌ಟೇಲ್ ಆದರೆ ಕುಡಿಯಬಲ್ಲೆ. ಗೆಳೆಯರ ಎದುರು ಅದನ್ನು ಆರ್ಡರ್ ಮಾಡಿದರೆ ‘ಎಂತ ಮಾರಾಯ, ಹುಡುಗೀರ ಡ್ರಿಂಕಾ?’ ಅಂತ ಶುರು ಮಾಡುತ್ತಾರೆ. ಹಾಗಾಗಿ ಎರಡು ವರ್ಷದಿಂದ ಅವರ ಜೊತೆ ವಿಸ್ಕಿಯನ್ನೇ ಕುಡಿಯುತ್ತಿದ್ದೇನೆ, ಕೆಲವೊಮ್ಮೆ ರಾ. ಮನೆಗೆ ಬಂದು ವಾಂತಿ, ಮರುದಿನ ಹೊಟ್ಟೆ ಉರಿ. ನಾನು ಮದುವೆಯಾಗುವ ಹುಡುಗಿ ಅಪರೂಪಕ್ಕೆ ಕುಡಿಯುತ್ತಾಳೆ, ಕುಡಿದರೆ ನೀರು ಹಾಕಿದ ವಿಸ್ಕಿ, ಎರಡು ಪೆಗ್. ಒಮ್ಮೆ ಎಲ್ಲರೂ ಊಟಕ್ಕೆ ಹೋದಾಗ ಸಪ್ಲೈಯರ್ ಅವಳ ವಿಸ್ಕಿಯನ್ನು ನನ್ನ ಮುಂದೆ, ನನ್ನ ಪಿಂಕ್ ಕಾಕ್‌ಟೇಲನ್ನು ಅವಳ ಮುಂದೆ ಇಟ್ಟ. ಅವತ್ತಿನಿಂದ ‘ನಿಮ್ಮಲ್ಲಿ ಗಂಡಸು ಯಾರು?’ ಅನ್ನುವ ತಮಾಷೆ ನಿಂತಿಲ್ಲ. ಬಿಯರ್, ಸಿಹಿ ಡ್ರಿಂಕ್ ಕುಡಿದರೆ ಗಂಡಸರ ಹಾರ್ಮೋನ್ ಇಳಿಯುತ್ತದೆ ಅಂತ ಒಬ್ಬ ಹೇಳುತ್ತಾನೆ. ಇದು ನಿಜವೇ? ವಿಸ್ಕಿ ಗಂಡಸರ ದೇಹಕ್ಕೇ ಒಗ್ಗುವಂಥದ್ದಾ? ಅವಳಿಗೆ ವೈನ್‌ಗೆ ಬದಲಾಯಿಸು ಅಂತ ಹೇಳಲಾ? ಮೆಹೆಂದಿ ರಾತ್ರಿ ಎಲ್ಲರೂ ಇರುತ್ತಾರೆ, ಆಗ ಏನು ಮಾಡಲಿ?
– ಹೆಸರು ಬೇಡ, ಉಡುಪಿ

ಉತ್ತರ: ಮೊದಲು ಹೊಟ್ಟೆಯ ವಿಷಯ. ನೀವು ಅದನ್ನು ಪ್ರಶ್ನೆಯಾಗಿ ಕೇಳಿಲ್ಲ, ನಡುವೆ ಹೇಳಿ ಮುಂದೆ ಹೋಗಿದ್ದೀರಿ. ನಮ್ಮ ದೇಶದ ವಿಸ್ಕಿ ಬಾಟಲಿಯಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಅದು ನೀರಿಲ್ಲದೆ, ಅದರಲ್ಲೂ ಖಾಲಿ ಹೊಟ್ಟೆಗೆ ಬಿದ್ದರೆ ಜಠರದ ಒಳಪದರ ಕೆರಳುತ್ತದೆ. ಜೋರಾಗಿ ವಾಂತಿಯಾದರೆ ಅನ್ನನಾಳ ಜಠರಕ್ಕೆ ಸೇರುವ ಕಡೆ ಒಳಪದರ ಹರಿಯುವುದೂ ಉಂಟು. ವಾಂತಿಯಲ್ಲಿ ರಕ್ತ ಕಂಡರೆ, ಮಲ ಕಪ್ಪಗೆ ಅಂಟಂಟಾಗಿ ಹೋದರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಹಾಗೇನೂ ಇಲ್ಲದಿದ್ದರೂ ಈ ತಿಂಗಳಲ್ಲೇ ಒಬ್ಬ ಫಿಸಿಷಿಯನ್‌ಗೆ ತೋರಿಸಿ, ಲಿವರ್ ಟೆಸ್ಟ್ ಮಾಡಿಸಿ. ಎಷ್ಟು ಕುಡಿಯುತ್ತೀರಿ ಅಂತ ಅವರು ಕೇಳಿದಾಗ ಅರ್ಧಕ್ಕೆ ಇಳಿಸಿ ಹೇಳಬೇಡಿ. ಮರುದಿನದ ತಲೆನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆ ನುಂಗುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಉರಿಯುವ ಹೊಟ್ಟೆಗೆ ಅವು ಇನ್ನಷ್ಟು ಕೆಟ್ಟದ್ದು.

ಈಗ ನಿಮ್ಮ ಪ್ರಶ್ನೆಗಳು. ಮಂಗಳೂರಿನಲ್ಲಿ ಮನೋವೈದ್ಯಕೀಯ ವಿಭಾಗದಲ್ಲಿ ಕುಡಿತ ಬಿಡಿಸುವ ಕೆಲಸ ಮಾಡುವವಳು ನಾನು. ಇಂಥ ಮಾತುಗಳು ನನಗೆ ಹೊಸತಲ್ಲ.

ಲಿವರ್‌ಗೆ ಗ್ಲಾಸಿನ ಆಕಾರ, ಬಣ್ಣ ಕಾಣುವುದಿಲ್ಲ. ಅದಕ್ಕೆ ತಲುಪುವುದು ಗ್ರಾಂ ಲೆಕ್ಕದ ಆಲ್ಕೋಹಾಲ್ ಮಾತ್ರ. 30 ಎಂಎಲ್‌ನ ಒಂದು ಪೆಗ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ. ಶೇ 4.8ರ, 275 ಎಂಎಲ್ ಬ್ರೀಝರ್ ಬಾಟಲಿಯಲ್ಲೂ ಅಷ್ಟೇ, ಸುಮಾರು 10 ಗ್ರಾಂ. 150 ಎಂಎಲ್ ವೈನ್‌ನಲ್ಲಿ 14–15 ಗ್ರಾಂ. ನೈಂಟಿ ಹೊಡೆದರೆ 30 ಗ್ರಾಂ. 650 ಎಂಎಲ್‌ನ ಸ್ಟ್ರಾಂಗ್ ಬಿಯರ್ ಶೇ 8ರದ್ದಾದರೆ ಒಂದೇ ಬಾಟಲಿಯಲ್ಲಿ 41 ಗ್ರಾಂ, ಅಂದರೆ ನಾಲ್ಕು ಪೆಗ್. ‘ಬಿಯರ್ ತಾನೆ’ ಅನ್ನುವವರು ಇದನ್ನು ಕೇಳಿ ನನ್ನ ಮುಖ ನೋಡುತ್ತಾರೆ. ಆಯಾ ಬಾಟಲಿಯ ಮೇಲೆ ಬರೆದ ಶೇಕಡಾವನ್ನು ಎಂಎಲ್‌ನಿಂದ ಗುಣಿಸಿ, 100ರಿಂದ ಭಾಗಿಸಿ, ಬಂದದ್ದನ್ನು 0.79ರಿಂದ ಗುಣಿಸಿ. ನೀವೇ ಲೆಕ್ಕ ಹಾಕಬಹುದು.

ಅಂದರೆ ನೀವು ಎರಡು ಬ್ರೀಝರ್ ಕುಡಿದು, ಅವಳು ಎರಡು ಪೆಗ್ ವಿಸ್ಕಿ ಕುಡಿದರೆ, ಇಬ್ಬರ ಹೊಟ್ಟೆಗೂ ಹೋದದ್ದು ಒಂದೇ ಪ್ರಮಾಣ. ಸಪ್ಲೈಯರ್ ಗ್ಲಾಸ್ ಅದಲು ಬದಲು ಮಾಡಿದರೂ ಲೆಕ್ಕ ಬದಲಾಗುತ್ತಿರಲಿಲ್ಲ.

ಹಾರ್ಮೋನ್ ಕಥೆಗೆ ಒಂದು ಎಳೆಯಷ್ಟು ಆಧಾರ ಇದೆ. ಬಿಯರ್‌ಗೆ ಕಹಿ ಕೊಡಲು ಹಾಪ್ಸ್ ಹೂವು ಹಾಕುತ್ತಾರೆ. ಅದರಲ್ಲಿ ಹೆಂಗಸರ ಹಾರ್ಮೋನ್ ಆದ ಈಸ್ಟ್ರೊಜೆನ್ ತರಹ ವರ್ತಿಸುವ ಒಂದು ಸಸ್ಯದ ಅಂಶ ಇರುವುದು ನಿಜ. ಆದರೆ ಬಿಯರ್ ಬಾಟಲಿಗೆ ಬರುವ ಹೊತ್ತಿಗೆ ಅದು ಉಳಿಯುವುದು ತೀರಾ ಕಡಿಮೆ. ಅದರಿಂದ ಗಂಡಸುತನಕ್ಕೆ ಏನೂ ಆಗುವುದಿಲ್ಲ. ಸಿಹಿ ಕಾಕ್‌ಟೇಲ್‌ನಲ್ಲಿ ಅದೂ ಇಲ್ಲ, ಸಕ್ಕರೆ ಇದೆ ಅಷ್ಟೆ.

ಗಂಡಸರ ಹಾರ್ಮೋನ್ ನಿಜವಾಗಿ ಇಳಿಯುವುದು ಎಲ್ಲಿ ಗೊತ್ತಾ? ಯಾವುದೇ ಮದ್ಯವನ್ನು ವರ್ಷಗಟ್ಟಲೆ ಜಾಸ್ತಿ ಕುಡಿದಾಗ. ವೃಷಣಗಳಲ್ಲಿ ಟೆಸ್ಟೊಸ್ಟೆರಾನ್ ಉತ್ಪತ್ತಿ ಕುಗ್ಗುತ್ತದೆ. ಲಿವರ್ ಕೆಟ್ಟರೆ ಈಸ್ಟ್ರೊಜೆನ್ ಪಾಲು ಹೆಚ್ಚುತ್ತದೆ. ಎದೆ ಉಬ್ಬುತ್ತದೆ, ವೃಷಣ ಸಣ್ಣದಾಗುತ್ತದೆ, ನಿಮಿರುವಿಕೆ ಕಷ್ಟವಾಗುತ್ತದೆ. ಸಿರೋಸಿಸ್ (ಲಿವರ್ ಗಟ್ಟಿಯಾಗುವ ಕಾಯಿಲೆ) ಆದ ಗಂಡಸರಲ್ಲಿ ವೈದ್ಯರು ಇದನ್ನು ಪಠ್ಯದಲ್ಲಿ ಓದಿದ ಹಾಗೆಯೇ ಕಾಣುತ್ತಾರೆ. ನಿಮ್ಮ ಗೆಳೆಯರಲ್ಲಿ ಯಾರ ಹಾರ್ಮೋನ್ ಬಗ್ಗೆ ಚಿಂತಿಸಬೇಕು ಅಂತ ಕೇಳಿದರೆ, ವಾರಕ್ಕೆ ನಾಲ್ಕು ದಿನ ಕ್ವಾರ್ಟರ್ ಮುಗಿಸುವವನ ಬಗ್ಗೆ ಚಿಂತಿಸಿ. ಪಿಂಕ್ ಗ್ಲಾಸಿನವನ ಬಗ್ಗೆ ಅಲ್ಲ.

ವಿಸ್ಕಿ ನಿಮಗೆ ಹಿಡಿಸದಿರುವುದಕ್ಕೆ ನೀವು ಗಂಡೋ ಹೆಣ್ಣೋ ಅನ್ನುವುದು ಕಾರಣವಲ್ಲ. ಮೆಣಸಿನ ಖಾರವನ್ನು ಗುರುತಿಸುವ ನರತುದಿಯ ಗ್ರಾಹಕವೇ ಆಲ್ಕೋಹಾಲಿನ ಉರಿಯನ್ನೂ ಗುರುತಿಸುತ್ತದೆ. ಅದು ಎಷ್ಟು ಚುರುಕು, ನಾಲಿಗೆಗೆ ಕಹಿ ಎಷ್ಟು ಬೇಗ ತಿಳಿಯುತ್ತದೆ ಅನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ತರಹ, ಸ್ವಲ್ಪ ಮಟ್ಟಿಗೆ ಹುಟ್ಟಿನಿಂದಲೇ ಬಂದದ್ದು. ಉಳಿದದ್ದು ರೂಢಿ. ಕುಡಿಯುತ್ತಾ ಕುಡಿಯುತ್ತಾ ಒಗ್ಗಿಸಿಕೊಳ್ಳುತ್ತಾರೆ. ಒಗ್ಗಿದ ಮೇಲೆ ‘ಇವನಿಗೆ ಕೆಪಾಸಿಟಿ ಇದೆ’ ಅಂತ ಬೆನ್ನು ತಟ್ಟುತ್ತಾರೆ. ಆ ಕೆಪಾಸಿಟಿಯನ್ನು ನಾವು ಅಪಾಯದ ಸೂಚನೆ ಅಂತ ಬರೆದುಕೊಳ್ಳುತ್ತೇವೆ. ಮೊದಲಿನ ಪ್ರಮಾಣಕ್ಕೆ ಮೆದುಳು ಜಗ್ಗುತ್ತಿಲ್ಲ, ಇನ್ನೂ ಹೆಚ್ಚು ಬೇಕು ಅಂತ ಅದರ ಅರ್ಥ. ನಾಲ್ಕು ಪೆಗ್ ಆದರೂ ಸ್ಟೆಡಿ ಇರುವವನ ಲಿವರ್‌ಗೆ ನಾಲ್ಕು ಪೆಗ್‌ನ ಕೆಲಸ ತಪ್ಪುವುದಿಲ್ಲ. ನಿಮ್ಮ ದೇಹ ವಾಂತಿ ಮಾಡಿ ಬೇಡ ಅಂತ ಹೇಳುತ್ತಿದೆ. ಅದು ದುರ್ಬಲತೆ ಅಲ್ಲ.

ಹಾಗಾದರೆ ಗಂಡು ಹೆಣ್ಣಿನ ನಡುವೆ ವ್ಯತ್ಯಾಸವೇ ಇಲ್ಲವಾ? ಇದೆ, ಮತ್ತು ಅದು ನಿಮ್ಮಿಬ್ಬರಿಗೂ ಗೊತ್ತಿರಬೇಕು. ಹೆಂಗಸರ ದೇಹದಲ್ಲಿ ನೀರಿನ ಪಾಲು ಕಡಿಮೆ. ಗಂಡಸರಲ್ಲಿ ತೂಕದ ಸುಮಾರು ಶೇ 60, ಹೆಂಗಸರಲ್ಲಿ ಸುಮಾರು ಶೇ 50. ಆಲ್ಕೋಹಾಲ್ ನೀರಿನಲ್ಲೇ ಹರಡುವುದರಿಂದ ಅಷ್ಟೇ ಕುಡಿದರೂ ಹೆಂಗಸರ ರಕ್ತದಲ್ಲಿ ಅದರ ಮಟ್ಟ ಜಾಸ್ತಿ. ಜಠರದಲ್ಲೇ ಒಂದಿಷ್ಟು ಆಲ್ಕೋಹಾಲನ್ನು ಒಡೆಯುವ ಕಿಣ್ವವೂ ಅವರಲ್ಲಿ ಕಡಿಮೆ ಕೆಲಸ ಮಾಡುತ್ತದೆ. ಹಾಗಾಗಿ ಕಡಿಮೆ ವರ್ಷ, ಕಡಿಮೆ ಪ್ರಮಾಣದಲ್ಲೇ ಲಿವರ್ ಹಾಳಾಗಬಹುದು. ಸ್ತನ ಕ್ಯಾನ್ಸರಿನ ಅಪಾಯ ದಿನಕ್ಕೆ 10 ಗ್ರಾಂ ಕುಡಿದರೂ ಸುಮಾರು ಶೇ 7ರಷ್ಟು ಏರುತ್ತದೆ. ಇದು ವಿಸ್ಕಿಗೂ ಅನ್ವಯ, ವೈನ್‌ಗೂ ಅನ್ವಯ, ಕ್ರಿಸ್‌ಮಸ್‌ಗೆ ಮನೆಯಲ್ಲಿ ಮಾಡಿದ ದ್ರಾಕ್ಷಿ ವೈನ್‌ಗೂ ಅನ್ವಯ. ‘ಹೆಂಗಸರ ಡ್ರಿಂಕ್’ ಅಂತ ಹೆಸರಿಟ್ಟ ಮಾತ್ರಕ್ಕೆ ಯಾವುದೂ ಹೆಂಗಸರಿಗೆ ಸೌಮ್ಯ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿಯೇ ಹೇಳಿತು: ಆರೋಗ್ಯಕ್ಕೆ ಪೂರ್ತಿ ಸುರಕ್ಷಿತ ಅನ್ನುವಂಥ ಪ್ರಮಾಣ ಇಲ್ಲ, ಗಂಡಿಗಾಗಲಿ ಹೆಣ್ಣಿಗಾಗಲಿ.

ಮತ್ತೆ ಈ ಹಣೆಪಟ್ಟಿ ಎಲ್ಲಿಂದ ಬಂತು? ನಮ್ಮ ಕರಾವಳಿಯನ್ನೇ ನೋಡಿ. ಇಲ್ಲಿ ಹಳೆಯ ಪಾನೀಯ ಕಳ್ಳು. ತುಳುನಾಡಿನ ದೈವ ಕೊರಗಜ್ಜನ ಪಾಡ್ದನದಲ್ಲಿ, ಅಂದರೆ ತುಳು ಹಾಡುಗಥೆಯಲ್ಲಿ, ಕೊರಗ ತನಿಯನನ್ನು (ಕೊರಗಜ್ಜನ ಮೊದಲ ಹೆಸರು) ಸಾಕಿದ ಮೈರಕ್ಕೆ ಬೈದೆತಿ ಕಳ್ಳಿನ ವ್ಯವಹಾರ ನಡೆಸುತ್ತಿದ್ದ ಹೆಂಗಸು. ಕ್ರೈಸ್ತರ ಅಡುಗೆಮನೆಯಲ್ಲಿ ಇಡ್ಲಿಯಂಥ ಸಾನ್ನ ಉಬ್ಬುತ್ತಿದ್ದದ್ದು ಕಳ್ಳಿನಿಂದ. ಅಲ್ಲೇ ವೈನ್ ಹಾಕುವವರೂ ಹೆಂಗಸರೇ, ಮದುವೆಯ ಟೋಸ್ಟ್‌ಗೆ ಅಜ್ಜಿಯರೂ ಗ್ಲಾಸ್ ಎತ್ತುತ್ತಾರೆ. ಬಾಣಂತಿಗೆ ಮದ್ದು ಅಂತ ಬ್ರಾಂಡಿ ಕೊಡುವ ಮನೆಗಳೂ ಇವೆ. (ಅದು ಮದ್ದಲ್ಲ. ಎದೆಹಾಲಿಗೆ ಹೋಗುತ್ತದೆ. ಕೊಡಬೇಡಿ.) ಹೆಂಗಸಿಗೂ ಮದ್ಯಕ್ಕೂ ಇಲ್ಲಿ ನಂಟೇ ಇರಲಿಲ್ಲ ಅನ್ನುವುದು ಸುಳ್ಳು.

ವಿಸ್ಕಿ, ರಮ್ ಬಂದ ದಾರಿ ಬೇರೆ. ಅವು ಬ್ರಿಟಿಷರ ಕ್ಲಬ್ಬು, ಮಿಲಿಟರಿ ಕ್ಯಾಂಟೀನು, ಆಮೇಲೆ ಬಾರು, ವೈನ್ ಶಾಪುಗಳ ಮೂಲಕ ಬಂದವು. ಎಲ್ಲವೂ ಗಂಡಸರು ತುಂಬಿದ ಜಾಗ. ಹೆಂಗಸರು ಹೋದರೂ ಬಾರ್ ಆಂಡ್ ರೆಸ್ಟೋರೆಂಟಿನ ಫ್ಯಾಮಿಲಿ ರೂಮಿಗೆ. ಕಾನೂನೂ ಇದಕ್ಕೆ ತಕ್ಕ ಹಾಗೆ ಇತ್ತು. ದೆಹಲಿಗೂ ಅನ್ವಯಿಸುತ್ತಿದ್ದ 1914ರ ಪಂಜಾಬ್ ಅಬಕಾರಿ ಕಾಯ್ದೆ ಬಾರ್‌ಗಳಲ್ಲಿ ಹೆಂಗಸರು ಕೆಲಸ ಮಾಡುವುದನ್ನೇ ತಡೆದಿತ್ತು. ದೆಹಲಿ ಹೈಕೋರ್ಟ್ ಆ ಸೆಕ್ಷನ್ನನ್ನು ರದ್ದು ಮಾಡಿದ್ದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2007ರಲ್ಲಿ. ಯಾರು ಎಲ್ಲಿ ಕೂತು ಕುಡಿಯಬಹುದು ಅನ್ನುವ ನಿಯಮವೇ ನಿಧಾನಕ್ಕೆ ಯಾರಿಗೆ ಯಾವುದು ಒಗ್ಗುತ್ತದೆ ಅನ್ನುವ ನಂಬಿಕೆ ಆಯಿತು.

ಉಳಿದದ್ದನ್ನು ಜಾಹೀರಾತು ಮಾಡಿತು. ಟಿವಿಯಲ್ಲಿ ಮದ್ಯದ ಜಾಹೀರಾತು ಹಾಕುವಂತಿಲ್ಲ. ಆದ್ದರಿಂದ ಸೋಡಾ, ಮ್ಯೂಸಿಕ್ ಸಿಡಿ ಹೆಸರಲ್ಲಿ ಬಂತು. ಇಂಪೀರಿಯಲ್ ಬ್ಲೂ ವಿಸ್ಕಿಯ ‘ಮೆನ್ ವಿಲ್ ಬಿ ಮೆನ್’ ನಿಮಗೆ ನೆನಪಿರಬೇಕು. ನಗು ಬರುತ್ತದೆ, ನನಗೂ ಬಂದಿದೆ. ಆದರೆ ಅಲ್ಲಿ ಸಿಡಿ ಮಾರಾಟ ಆಗುತ್ತಿರಲಿಲ್ಲ ಅಲ್ವಾ? ಹೊರದೇಶದಲ್ಲೂ ಇದೇ ಆಟ, ಪಾತ್ರ ಮಾತ್ರ ಅದಲು ಬದಲು. 18ನೇ ಶತಮಾನದ ಲಂಡನ್‌ನಲ್ಲಿ ಹೆಂಗಸರನ್ನು ಹಾಳು ಮಾಡುವ ಮದ್ಯ ಅಂತ ಹೆಸರು ಕೆಡಿಸಿಕೊಂಡದ್ದು ಜಿನ್. ವಿಲಿಯಂ ಹೋಗಾರ್ತ್ 1751ರಲ್ಲಿ ಮಾಡಿದ ಜಿನ್ ಬೀದಿಯ ಚಿತ್ರದ ನಡುವೆ ಕೂತಿರುವವಳು ಮಗುವನ್ನು ಕೈಜಾರಿಸಿದ ತಾಯಿ. 2018ರಲ್ಲಿ ಜಾನಿ ವಾಕರ್ ಕಂಪನಿ ಅಮೆರಿಕದಲ್ಲಿ ಜೇನ್ ವಾಕರ್ ಅಂತ ಹೆಂಗಸಿನ ಚಿತ್ರದ ಬಾಟಲಿ ಬಿಟ್ಟು ಬೈಗುಳ ತಿಂದಿತು. ಗಂಡಸರ ಮಾರುಕಟ್ಟೆ ತುಂಬಿದ ಮೇಲೆ ಹೆಂಗಸರ ಕಡೆ ತಿರುಗುವುದು ವ್ಯಾಪಾರ. ಅದನ್ನು ಸಮಾನತೆ ಅಂತ ನಾನು ಕರೆಯುವುದಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ದಾಟಿದ ಗಂಡಸರಲ್ಲಿ ಶೇ 18.8, ಹೆಂಗಸರಲ್ಲಿ ಶೇ 1.3 ಮಂದಿ ಕುಡಿಯುತ್ತಾರೆ. ಅರುಣಾಚಲ ಪ್ರದೇಶದಲ್ಲಿ ಹೆಂಗಸರ ಪ್ರಮಾಣ ಶೇ 24. ಅಲ್ಲಿನ ಹೆಂಗಸರ ದೇಹ ಬೇರೆ ಅಲ್ಲ, ಮನೆಯ ರೂಢಿ ಬೇರೆ.

ನನ್ನ ಟೇಬಲ್ ಮುಂದೆ ಈ ಹಣೆಪಟ್ಟಿಯ ಫಲ ಎರಡು ತರಹ ಬಂದು ಕೂರುತ್ತದೆ. ಗಂಡಸರು ತಮಗೆ ಇಷ್ಟ ಇಲ್ಲದ್ದನ್ನು, ಇಷ್ಟ ಇಲ್ಲದ ವೇಗದಲ್ಲಿ ಕುಡಿಯಲು ಶುರು ಮಾಡಿದವರು. ಕೆಲವು ವರ್ಷದಲ್ಲಿ ಅದು ಇಷ್ಟ ಆಗಿಬಿಡುತ್ತದೆ, ಆಮೇಲೆ ಬೇಕೇ ಬೇಕಾಗುತ್ತದೆ. ಹೆಂಗಸರು ಬರುವುದೇ ತಡವಾಗಿ. ‘ಅದು ಬರೀ ವೈನ್, ಡಾಕ್ಟ್ರೇ’ ಅಂತ ಮನೆಯವರು ಹೇಳುತ್ತಾರೆ. ಮೊದಲು ಗ್ಯಾಸ್ಟ್ರಿಕ್, ನಿದ್ರೆ ಇಲ್ಲ, ಸುಸ್ತು ಅಂತ ಬೇರೆ ಬೇರೆ ಕಡೆ ತೋರಿಸಿರುತ್ತಾರೆ. ಕುಡಿತದ ಬಗ್ಗೆ ಅವರನ್ನು ಯಾರೂ ಕೇಳಿರುವುದೇ ಇಲ್ಲ.

ಗೆಳೆಯರ ವಿಷಯದಲ್ಲಿ ನಿಮಗೆ ಮೂರು ದಾರಿ ಇದೆ. ಈಗಿನ ಹಾಗೇ ನಟಿಸುತ್ತಾ ಹೋಗುವುದು ಒಂದು. ಅದರ ಬೆಲೆಯನ್ನು ನಿಮ್ಮ ಹೊಟ್ಟೆ ಈಗಾಗಲೇ ಕಟ್ಟುತ್ತಿದೆ, ಇದನ್ನು ನಾನು ಬೇಡ ಅನ್ನುತ್ತೇನೆ.

ಇಷ್ಟವಾದದ್ದನ್ನು ರಾಜಾರೋಷವಾಗಿ ಆರ್ಡರ್ ಮಾಡುವುದು ಎರಡನೆಯದು. ಸುಮ್ನೆ ಆರ್ಡರ್ ಮಾಡಿ, ಸಮಜಾಯಿಷಿ ಕೊಡಬೇಡಿ. ‘ನನಗೆ ಇದೇ ಇಷ್ಟ’ ಅಂದಷ್ಟಕ್ಕೆ ನಿಲ್ಲಿಸಿ. ಸಮಜಾಯಿಷಿ ಕೊಟ್ಟಷ್ಟೂ ತಮಾಷೆಗೆ ಮೇವು. ಆದರೆ ಇದರ ಅಪಾಯವನ್ನು ಮುಚ್ಚಿಡುವುದಿಲ್ಲ: ಸಿಹಿ ಡ್ರಿಂಕ್‌ನಲ್ಲಿ ಆಲ್ಕೋಹಾಲ್ ಎಷ್ಟಿದೆ ಅಂತ ನಾಲಿಗೆಗೆ ತಿಳಿಯುವುದಿಲ್ಲ. ಲಾಂಗ್ ಐಲ್ಯಾಂಡ್ ಐಸ್ಡ್ ಟೀ ನೋಡಲು ತಂಪು ಚಹಾ, ಒಳಗೆ ವೋಡ್ಕಾ, ಜಿನ್, ರಮ್, ಟಕೀಲಾ ಎಲ್ಲ ಇರುತ್ತದೆ. ಸುರಿಯುವವನ ಕೈ ನೋಡಿಕೊಂಡು ಒಂದೇ ಗ್ಲಾಸಿನಲ್ಲಿ ಎರಡರಿಂದ ನಾಲ್ಕು ಪೆಗ್. ಎನರ್ಜಿ ಡ್ರಿಂಕ್ ಬೆರೆಸಿದ್ದನ್ನು ಮುಟ್ಟಬೇಡಿ. ಅದರ ಕೆಫೀನ್ ಕಣ್ಣು ಮುಚ್ಚಿಸದೇ ಇಡುತ್ತದೆ, ಆದರೆ ರಕ್ತದಲ್ಲಿನ ಆಲ್ಕೋಹಾಲನ್ನು ಒಂದು ಹನಿಯೂ ಇಳಿಸುವುದಿಲ್ಲ.

ಮೂರನೆಯದು ಕುಡಿಯದಿರುವುದು. ಆರೋಗ್ಯಕ್ಕೆ ಇದೇ ಒಳ್ಳೆಯದು, ನಿಮ್ಮ ಹೊಟ್ಟೆ ಸರಿಯಾಗುವವರೆಗಂತೂ ಇದೇ. ಮೊದಲ ಕೆಲವು ಸಲ ತಮಾಷೆ ಜಾಸ್ತಿ ಆಗುತ್ತದೆ, ಅದಕ್ಕೆ ತಯಾರಿರಿ. ‘ಡಾಕ್ಟ್ರು ಬೇಡ ಅಂದಿದ್ದಾರೆ’ ಅನ್ನಬಹುದು, ನಾನೇ ಹೇಳುತ್ತಿರುವುದರಿಂದ ಅದು ಸುಳ್ಳೂ ಅಲ್ಲ. ಪುನರ್ಪುಳಿ ಜ್ಯೂಸನ್ನು ವೈನ್ ಗ್ಲಾಸಿಗೆ ಹಾಕಿ ಪಾರಾಗುವವರನ್ನು ಕಂಡಿದ್ದೇನೆ. ಒಂದು ಸಂಜೆಗೆ ಸರಿ. ವರ್ಷವಿಡೀ ಬಚ್ಚಿಟ್ಟುಕೊಂಡು ಕುಡಿಯುವುದು ಎಷ್ಟು ಸುಸ್ತೋ, ಬಚ್ಚಿಟ್ಟುಕೊಂಡು ಕುಡಿಯದಿರುವುದೂ ಅಷ್ಟೇ ಸುಸ್ತು.

ಅವಳಿಗೆ ವೈನ್‌ಗೆ ಬದಲಾಯಿಸು ಅಂತ ಹೇಳಲಾ ಅಂದಿರಿ. ಬೇಡ. ಒಂದು, ಅದರಿಂದ ಆರೋಗ್ಯಕ್ಕೆ ಲಾಭ ಇಲ್ಲ. ಅಳತೆಯ ಎರಡು ಪೆಗ್‌ನಲ್ಲಿ 20 ಗ್ರಾಂ. ಅಳತೆ ಇಲ್ಲದೆ ಸುರಿದ ಎರಡು ಗ್ಲಾಸ್ ವೈನ್‌ನಲ್ಲಿ 30 ಗ್ರಾಂ ಸಲೀಸು. ಎರಡು, ನೀವು ಕೇಳಹೊರಟಿರುವುದು ಆರೋಗ್ಯಕ್ಕಾಗಿ ಅಲ್ಲ, ಗೆಳೆಯರ ಬಾಯಿ ಮುಚ್ಚಿಸಲು. ಅದು ಅವಳಿಗೆ ತಕ್ಷಣ ಗೊತ್ತಾಗುತ್ತದೆ. ನಿಮಗೆ ಬೇಡದ ಗ್ಲಾಸನ್ನು ಎರಡು ವರ್ಷ ಹಿಡಿಸಿದವರಿಗಾಗಿ ಈಗ ಅವಳ ಕೈಯ ಗ್ಲಾಸನ್ನೂ ಬದಲಾಯಿಸುವುದು ಯಾಕೆ?

ಆದರೆ ನಿಮ್ಮ ಒಳಗಿನ ಭಯ ಪೂರ್ತಿ ಕಲ್ಪನೆ ಅಂತ ನಾನು ಹೇಳಲಾರೆ. 2009ರ ಜನವರಿ 24ರಂದು ಇದೇ ಮಂಗಳೂರಿನ ಪಬ್ ಒಂದಕ್ಕೆ ನುಗ್ಗಿದ ಗುಂಪು ಅಲ್ಲಿದ್ದ ಯುವತಿಯರನ್ನು ಹೊಡೆದು ಎಳೆದಾಡಿತ್ತು. 2018ರಲ್ಲಿ ಕೋರ್ಟಿನಲ್ಲಿ ಆರೋಪಿಗಳು ಖುಲಾಸೆಯಾದರು. ಆ ನೆನಪು ಈ ಊರಿನ ಹೆಣ್ಣುಮಕ್ಕಳಿಗೆ ಇದೆ, ಅವರ ತಂದೆತಾಯಿಗೆ ಇನ್ನೂ ಜಾಸ್ತಿ ಇದೆ. ಯಾವ ಜಾಗ, ಯಾರ ಜೊತೆ, ಮನೆಗೆ ಹೇಗೆ ವಾಪಸ್ ಅನ್ನುವುದನ್ನು ಅವಳು ನಿಮಗಿಂತ ಮೊದಲೇ ಯೋಚಿಸಿರುತ್ತಾಳೆ. ಅದನ್ನು ಕೇಳಿ ತಿಳಿದುಕೊಳ್ಳಿ. ನಿರ್ಧಾರ ಅವಳದ್ದು. ಮುಂದಿನ ಸಲ ‘ಗಂಡಸು ಯಾರು’ ಅಂತ ಯಾರಾದರೂ ಅವಳ ಎದುರು ಕೇಳಿದರೆ ನೀವು ನಗಬೇಡಿ. ನಕ್ಕರೆ ಅವಳು ಒಬ್ಬಂಟಿ ಆಗುತ್ತಾಳೆ.

ಇಬ್ಬರೂ ಕೂತು ಮಾತಾಡಬೇಕಾದ ವಿಷಯ ಬೇರೆ ಇದೆ. ಮಗು ಯಾವಾಗ ಅನ್ನುವ ಮಾತು ಬಂದಾಗ, ಗರ್ಭ ನಿಲ್ಲಲಿ ಅಂತ ಪ್ರಯತ್ನ ಶುರು ಮಾಡಿದ ದಿನದಿಂದ ಅವಳು ಪೂರ್ತಿ ಬಿಡುವುದು ಒಳ್ಳೆಯದು. ಗರ್ಭಿಣಿಗೆ ಸುರಕ್ಷಿತ ಪ್ರಮಾಣ ಅಂತ ಇಲ್ಲ. ನೀವೂ ಜೊತೆಗೆ ಬಿಟ್ಟರೆ ಅವಳಿಗೆ ಸುಲಭ, ನಿಮ್ಮ ವೀರ್ಯದ ಗುಣಮಟ್ಟಕ್ಕೂ ಒಳ್ಳೆಯದು. ಅದಕ್ಕೆ ಮೊದಲು ‘ಆಡಿಟ್’ ಅನ್ನುವ ಪ್ರಶ್ನಾವಳಿಗೆ ಇಬ್ಬರೂ ಉತ್ತರಿಸಿ. ವಿಶ್ವ ಆರೋಗ್ಯ ಸಂಸ್ಥೆ ಮಾಡಿದ್ದು, ಹತ್ತೇ ಪ್ರಶ್ನೆ, ಒಟ್ಟು 40 ಅಂಕ. 8 ಅಥವಾ ಹೆಚ್ಚು ಬಂದವರು ವೈದ್ಯರ ಜೊತೆ ಮಾತಾಡಬೇಕು. ಮುಜುಗರ ಆದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ನೀವು ಬರೆದದ್ದನ್ನು ಓದಿದರೆ ನಿಮ್ಮ ಅಂಕ ಅವಳದ್ದಕ್ಕಿಂತ ಜಾಸ್ತಿ ಬರಬಹುದು ಅಂತ ನನ್ನ ಅಂದಾಜು.

ಇನ್ನು ಮೆಹೆಂದಿ. ನಮ್ಮ ಎರಡೂ ಜಿಲ್ಲೆಗಳಲ್ಲಿ ಮೆಹೆಂದಿ ಅಂದರೆ ಡಿಜೆ, ಎಣ್ಣೆ ಅಂತ ಆಗಿರುವುದು ನನಗೆ ಸರಿ ಕಾಣುವುದಿಲ್ಲ. ಅದನ್ನು ಬದಿಗಿಡೋಣ. ಮನೆ ನಿಮ್ಮದು, ಖರ್ಚು ನಿಮ್ಮದು, ಟೇಬಲ್ ಮೇಲೆ ಏನಿರಬೇಕು ಅಂತ ನೀವೇ ಹೇಳಬಹುದು. ಮದ್ಯ ಇಡಲೇಬೇಕು ಅಂತಾದರೆ ಊಟವನ್ನು ಬೇಗ ಬಡಿಸಿ, ಮೊದಲ ಗ್ಲಾಸಿಗಿಂತ ಮುಂಚೆ. ಬಕೆಟಿನಲ್ಲಿ ಎಲ್ಲ ಬೆರೆಸಿದ ಪಂಚ್ ಮಾಡಿಸಬೇಡಿ, ಯಾರಿಗೆ ಎಷ್ಟು ಹೋಯಿತು ಅಂತ ಲೆಕ್ಕ ಸಿಗುವುದಿಲ್ಲ. ನಿಮ್ಮ ಗ್ಲಾಸನ್ನು ನೀವೇ ತುಂಬಿಸಿಕೊಳ್ಳಿ, ಗೆಳೆಯರ ಕೈಗೆ ಕೊಡಬೇಡಿ. ಒಂದೇ ಸಲಕ್ಕೆ 60 ಗ್ರಾಂ ದಾಟಿದರೆ ಅದು ವೈದ್ಯಕೀಯ ಲೆಕ್ಕದಲ್ಲಿ ಅತಿಯಾದ ಕುಡಿತ. ನಿಮ್ಮ ಬೀಗರು ಬೆಳಗ್ಗೆ ಎಂಟಕ್ಕೇ ಹಾಲ್‌ನಲ್ಲಿ ಇರುತ್ತಾರೆ ಅನ್ನುವುದನ್ನೂ ಮರೆಯಬೇಡಿ.

ಗಾಡಿಯ ವಿಷಯ ಮಾತ್ರ ಈಗಲೇ ನಿಗದಿ ಮಾಡಿ. ಗಾಡಿ ಓಡಿಸುವವರ 100 ಎಂಎಲ್ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಆ ಮಟ್ಟ ದಾಟಲು ಹೆಚ್ಚೇನೂ ಬೇಡ, ಎರಡು ಬ್ರೀಝರ್ ಸಾಕಾಗಬಹುದು. ದೇಹ ಅದನ್ನು ಇಳಿಸುವುದು ಗಂಟೆಗೆ 7–10 ಗ್ರಾಂ ಲೆಕ್ಕದಲ್ಲಿ, ಮಜ್ಜಿಗೆ ಕುಡಿದರೂ ತಲೆಗೆ ನೀರು ಹೊಯ್ದರೂ ಬೇಗ ಆಗುವುದಿಲ್ಲ. ಮಂಗಳೂರಿನಿಂದ ಬರುವವರಿಗೆ ರಾತ್ರಿ ಅಲ್ಲೇ ಉಳಿಯುವ ವ್ಯವಸ್ಥೆ ಮಾಡಿ. ಇಲ್ಲವಾದರೆ ಟೆಂಪೋ ಟ್ರಾವೆಲರ್ ಒಂದನ್ನು ಡ್ರೈವರ್ ಸಮೇತ ಮಾತಾಡಿಡಿ, ಬೈಕಿನ ಕೀಗಳನ್ನು ಮನೆಯ ಹಿರಿಯರೊಬ್ಬರ ಕೈಗೆ ಕೊಡಿಸಿ.